ಸತ್ಯಾಂಶ: ಶಟ್‌ಡೌನ್ ಆದ್ರೆ ಅಮೆರಿಕದ ಸರ್ಕಾರ ಬೀಳುತ್ತದಾ?

'ವಿರೋಧ ಪಕ್ಷ ಹಟ ಹಿಡಿದರೆ ಅಮೆರಿಕದ ಸರ್ಕಾರವೇ ಬಿದ್ದು ಹೋಗುತ್ತದೆ' ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ನಿಜವಲ್ಲ. ಶಟ್‌ಡೌನ್ ಅಂದ್ರೆ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಸರ್ಕಾರದ ಕೆಲವು ಕೆಲಸಗಳು ನಿಲ್ಲುವುದು, ಅಷ್ಟೇ.

ಗೊಂದಲ ಎಲ್ಲಿಂದ ಅಂದ್ರೆ, ನಮ್ಮಲ್ಲಿ ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರ ರಾಜೀನಾಮೆ ಕೊಡಬೇಕು. ಅಲ್ಲಿ ಹಾಗಿಲ್ಲ. ಅಧ್ಯಕ್ಷರು ಕುರ್ಚಿಯಲ್ಲೇ ಇರುತ್ತಾರೆ, ಖರ್ಚಿಗೆ ಒಪ್ಪಿಗೆ ಮಾತ್ರ ನಿಲ್ಲುತ್ತದೆ. ವಿಮಾನಗಳಿಗೆ ದಾರಿ ತೋರಿಸುವ ಟವರ್ ಸಿಬ್ಬಂದಿ ಸಂಬಳ ಬರದಿದ್ದರೂ ಡ್ಯೂಟಿಗೆ ಹೋಗಲೇಬೇಕು!

ವಿರೋಧ ಪಕ್ಷದ ಕೈಯಲ್ಲಿರುವ ಮುಖ್ಯ ಅಸ್ತ್ರ ಸೆನೆಟ್‌ನ (ಅಲ್ಲಿನ ಸಂಸತ್ತಿನ ಮೇಲ್ಮನೆ) ಲೆಕ್ಕ. ಖರ್ಚಿನ ಮಸೂದೆ ಮುಂದೆ ಹೋಗಲು ಅಲ್ಲಿ 100 ಜನರಲ್ಲಿ 60 ಮತ ಬೇಕು. 2025ರಲ್ಲಿ ಆಡಳಿತ ಪಕ್ಷದ ರಿಪಬ್ಲಿಕನ್ನರು ಇದ್ದದ್ದು 53. ಮಾರ್ಚ್‌ನಲ್ಲಿ ವಿರೋಧ ಪಕ್ಷದ, ಅಂದ್ರೆ ಡೆಮಾಕ್ರಾಟರ, ಸೆನೆಟ್ ನಾಯಕ ಚಕ್ ಶೂಮರ್ ಶಟ್‌ಡೌನ್ ಬೇಡವೆಂದು ದಾರಿ ಬಿಟ್ಟರು. ಸ್ವಂತ ಪಕ್ಷದವರಿಂದಲೇ ಬೈಸಿಕೊಂಡರು. ಅಕ್ಟೋಬರ್‌ನಲ್ಲಿ ಪಕ್ಷ ಪಟ್ಟು ಹಿಡಿಯಿತು: ಆರೋಗ್ಯ ವಿಮೆಯ ಸಬ್ಸಿಡಿ ಮುಂದುವರಿಸಿ, ಆಮೇಲೆ ಮತ. ಶಟ್‌ಡೌನ್ 43 ದಿನ ಎಳೆಯಿತು. ಕೊನೆಗೆ ಅವರ ಕಡೆಯ 8 ಜನ ರಿಪಬ್ಲಿಕನ್ನರ ಜೊತೆ ಮತ ಹಾಕಿದರು, 60–40. ಸಬ್ಸಿಡಿ ಮಾತ್ರ ಸಿಗಲಿಲ್ಲ.

'ವೀಸಾ ಎಲ್ಲಾ ಬಂದ್' ಅನ್ನೋದೂ ಅರ್ಧ ಸತ್ಯ. ವೀಸಾ ಕೆಲಸ ಜಾಸ್ತಿ ನಡೆಯೋದು ಅರ್ಜಿ ಶುಲ್ಕದಿಂದ. ಆದರೆ ಎಚ್‌-1ಬಿ ಕೆಲಸದ ವೀಸಾಗೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಒಪ್ಪಿಗೆ ಆ ಅಕ್ಟೋಬರ್‌ನಲ್ಲಿ ನಿಂತಿತ್ತು. ಬೆಂಗಳೂರಿನ ಮನೆಗಳಲ್ಲಿ ಆತಂಕ ಹುಟ್ಟಿದ್ದರೆ ಆಶ್ಚರ್ಯವಿಲ್ಲ, ಅಲ್ವಾ?