ಸೆಮಿಕೋಲನ್ ಕಿತ್ತರೂ ಮಿಸುಕದ ವೆಬ್‌ಸೈಟು

"ಒಂದೇ ಸಾಲು ತಾನೇ, ಫೈಲ್ ಅಪ್‌ಲೋಡ್ ಮಾಡಿದರೆ ಮುಗಿಯಿತು" ಎಂದು ಇನ್ನೊಮ್ಮೆ ಯಾರಾದರೂ ನನ್ನೆದುರು ಹೇಳಿದರೆ ನಾನು ಸೌಜನ್ಯದಿಂದ ಉತ್ತರಿಸುತ್ತೇನೆಂಬ ಭರವಸೆ ನನಗಿಲ್ಲ. ಮೈಕ್ರೋಸಾಫ್ಟಿನ ವೆಬ್ ಚೌಕಟ್ಟಾದ ಎಎಸ್‌ಪಿ ಡಾಟ್ ನೆಟ್ ಮೇಲೆ ಕಟ್ಟಿದ ಹಳೆಯ ಸಿಎಂಎಸ್ (ವೆಬ್‌ಸೈಟಿನ ವಿಷಯ ನಿರ್ವಹಿಸುವ ತಂತ್ರಾಂಶ) ಒಂದನ್ನು ನಮ್ಮ ತಂಡಕ್ಕೆ ವಹಿಸಿಕೊಟ್ಟವರು, ಬದಲಾದ ಫೈಲನ್ನು ಎಫ್‌ಟಿಪಿಯಲ್ಲಿ ಏರಿಸಿದರೆ ಸಾಕು, ಸೈಟು ತಾನೇ ಕಂಪೈಲ್ ಮಾಡಿಕೊಳ್ಳುತ್ತದೆ (ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುತ್ತದೆ) ಎಂದು ಟಿಪ್ಪಣಿಯಲ್ಲಿ ಬರೆದುಕೊಟ್ಟಿದ್ದರು.

ನೋಂದಣಿ ಫಾರಂನಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿ ಉಳಿಯುತ್ತಿದ್ದವು. ಲೇಬಲ್ ತಿದ್ದಿ, ಫಾರಂನ ತೋರಿಕೆಯನ್ನು ಬರೆದಿಡುವ ಎಎಸ್‌ಸಿಎಕ್ಸ್ ಫೈಲನ್ನು ಏರಿಸಿದೆ. ಮರುಕ್ಷಣವೇ ಪುಟದಲ್ಲಿ ಕಾಣಿಸಿತು. ಅದೇ ನಂಬಿಕೆಯಿಂದ, ಅದರ ಹಿಂದಿನ ಸಿ ಶಾರ್ಪ್ ಕೋಡ್ ಇರುವ ಸಿಎಸ್ ಫೈಲಿನಲ್ಲಿ ದಿನಾಂಕದ ಸಾಲನ್ನು ತಿದ್ದಿ ಏರಿಸಿದರೆ ಏನೂ ಆಗಲಿಲ್ಲ. ಬ್ರೌಸರ್ ಕ್ಯಾಶೆ ಅಳಿಸಿದೆ, ಸಿಎಂಎಸ್ ಕ್ಯಾಶೆ ಅಳಿಸಿದೆ, ಸರ್ವರ್‌ನಲ್ಲಿ ಸೈಟನ್ನು ಓಡಿಸುವ ಅಪ್ಲಿಕೇಶನ್ ಪೂಲ್ ಅನ್ನು ಮರುಚಾಲನೆ ಮಾಡಿದೆ. ಕೊನೆಗೆ ರೋಸಿಹೋಗಿ, ಪರೀಕ್ಷಾ ಸರ್ವರ್‌ನಲ್ಲಿದ್ದ ಆ ಫೈಲಿನಿಂದ ಬೇಕೆಂದೇ ಒಂದು ಸೆಮಿಕೋಲನ್ ಕಿತ್ತುಹಾಕಿದೆ. ಫೈಲು ಕಂಪೈಲ್ ಆಗುತ್ತಿದ್ದರೆ ಅಷ್ಟಕ್ಕೇ ದೋಷ ಬರಬೇಕು. ಸೈಟು ಒಂದಿಷ್ಟೂ ಮಿಸುಕದೆ, ಯಾವ ದೋಷವನ್ನೂ ತೋರಿಸದೆ, ತಪ್ಪು ದಿನಾಂಕವನ್ನೇ ಉಳಿಸುತ್ತಾ ಹೋಯಿತು. ಆ ಫೈಲನ್ನು ಸರ್ವರ್ ಓದುತ್ತಲೇ ಇರಲಿಲ್ಲ!

ಟಿಪ್ಪಣಿ ಬರೆದವರು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂಬುದೇ ಹೆಚ್ಚು ಸಿಟ್ಟು ತರಿಸುತ್ತದೆ. 2005ರಲ್ಲಿ ಎಎಸ್‌ಪಿ ಡಾಟ್ ನೆಟ್ 2.0 ತಂದ 'ವೆಬ್ ಸೈಟ್' ಮಾದರಿಯಲ್ಲಿ, ಆ್ಯಪ್ ಕೋಡ್ ಫೋಲ್ಡರಿನಲ್ಲಿರುವ ಫೈಲುಗಳೂ ಪುಟಗಳ ಹಿಂದಿನ ಕೋಡೂ ಸರ್ವರ್‌ನಲ್ಲೇ ಕಂಪೈಲ್ ಆಗುತ್ತವೆ. ಮರುವರ್ಷ ಮರಳಿ ಬಂದ 'ವೆಬ್ ಅಪ್ಲಿಕೇಶನ್' ಮಾದರಿಯಲ್ಲಾದರೋ ಇಡೀ ಸಿಎಸ್ ಕೋಡನ್ನು ಮೊದಲೇ ಬಿಲ್ಡ್ ಮಾಡಿ, ಅಂದರೆ ಒಟ್ಟಿಗೆ ಕಂಪೈಲ್ ಮಾಡಿ, ಬಿನ್ ಫೋಲ್ಡರಿಗೆ ಡಿಎಲ್‌ಎಲ್ (ಕಂಪೈಲ್ ಆದ ಕೋಡಿನ ಫೈಲು) ಆಗಿ ಹಾಕಬೇಕು. ಸರ್ವರ್ ಕಂಪೈಲ್ ಮಾಡಿಕೊಳ್ಳುವುದು ಪುಟದ ತೋರಿಕೆಯ ಎಎಸ್‌ಪಿಎಕ್ಸ್, ಎಎಸ್‌ಸಿಎಕ್ಸ್ ಮಾರ್ಕಪ್ಪನ್ನು ಮಾತ್ರ. ನನ್ನ ಲೇಬಲ್ ಬದಲಾಗಿ ದಿನಾಂಕ ಬದಲಾಗದಿದ್ದುದಕ್ಕೆ ಇದೇ ಕಾರಣ. ಮಾರ್ಕಪ್ ಫೈಲಿನ ಮೊದಲ ಸಾಲಿನಲ್ಲಿ 'ಕೋಡ್‌ಫೈಲ್' ಎಂದಿದ್ದರೆ 'ವೆಬ್ ಸೈಟ್' ಮಾದರಿ, 'ಕೋಡ್‌ಬಿಹೈಂಡ್' ಎಂದಿದ್ದರೆ 'ವೆಬ್ ಅಪ್ಲಿಕೇಶನ್' ಮಾದರಿ. ಒಂದೇ ಪದದ ವ್ಯತ್ಯಾಸ! ಅದನ್ನು ನಾನು ಮೊದಲೇ ನೋಡಬೇಕಿತ್ತು, ಒಪ್ಪುತ್ತೇನೆ. ಮಾದರಿ ಬದಲಿಸುವಾಗ ಕೋಡ್ ಬರೆಯುವ ತಂತ್ರಾಂಶವಾದ ವಿಷುಯಲ್ ಸ್ಟುಡಿಯೋ ಇಟ್ಟ 'ಓಲ್ಡ್ ಆ್ಯಪ್ ಕೋಡ್' ಎಂಬ ಹೆಸರಿನ ಫೋಲ್ಡರೂ ಕಣ್ಣೆದುರೇ ಇತ್ತು. ಸಹೋದ್ಯೋಗಿಯೊಬ್ಬರು ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಅದರ ಹೆಸರನ್ನು ಮತ್ತೆ 'ಆ್ಯಪ್ ಕೋಡ್' ಎಂದು ಬದಲಿಸಿದ್ದರಿಂದ, ಒಂದೇ ಕ್ಲಾಸು (ಕೋಡಿನ ಒಂದು ಘಟಕ) ಡಿಎಲ್‌ಎಲ್‌ನಲ್ಲೂ ಇದೆ, ಇಲ್ಲೂ ಇದೆ ಎಂದು ಪರೀಕ್ಷಾ ಸೈಟು ಸಂಪೂರ್ಣ ಮಲಗಿತು.

ಹಾಗಾದರೆ ಬಿಲ್ಡ್ ಮಾಡಿ ಡಿಎಲ್‌ಎಲ್ ಏರಿಸಬಹುದಲ್ಲ ಎನ್ನುತ್ತೀರಿ. ಬಿನ್ ಫೋಲ್ಡರನ್ನು ಮುಟ್ಟಿದ ಕೂಡಲೇ ಅಪ್ಲಿಕೇಶನ್ ಮರುಚಾಲನೆಗೊಂಡು, ಮೆಮೊರಿಯಲ್ಲಿದ್ದ ಸೆಷನ್‌ಗಳೆಲ್ಲ (ಸೈಟು ಬಳಸುತ್ತಿರುವವರ ತಾತ್ಕಾಲಿಕ ಮಾಹಿತಿ) ಹೋಗುತ್ತವೆ. ಅದನ್ನು ರಾತ್ರಿ ಹೊತ್ತು ಮಾಡಿ ನಿಭಾಯಿಸಬಹುದು. ಆದರೆ ಸರ್ವರ್‌ನಲ್ಲಿ ಫೈಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದಾಗ ಎದೆ ಧಸಕ್ಕೆಂದಿತು: ಡಿಎಲ್‌ಎಲ್‌ಗಿಂತ ಹೊಸದಾದ 11 ಸಿಎಸ್ ಫೈಲುಗಳು ಅಲ್ಲಿದ್ದವು. ಅಂದರೆ ನನಗಿಂತ ಮುಂಚಿನವರೂ ಇದೇ ಟಿಪ್ಪಣಿಯನ್ನು ನಂಬಿ ತಿದ್ದುಪಡಿಗಳನ್ನು ಏರಿಸಿ, ಕೆಲಸ ಮುಗಿಯಿತೆಂದು ಟಿಕೆಟ್ (ಕೆಲಸದ ಕೋರಿಕೆ) ಮುಚ್ಚಿ ಹೋಗಿದ್ದಾರೆ. ಒಂದು ದಿನವೂ ಓಡದ, ಯಾರೂ ಪರೀಕ್ಷಿಸದ ಆ ಬದಲಾವಣೆಗಳೆಲ್ಲ ನಾನು ಬಿಲ್ಡ್ ಮಾಡಿದ ಕ್ಷಣ ಒಟ್ಟಿಗೇ ಜೀವ ತಳೆಯುತ್ತವೆ, ಮತ್ತು ಅವು ಏನನ್ನಾದರೂ ಕೆಡಿಸಿದರೆ ಅದು ನನ್ನ ಒಂದು ಸಾಲಿನ ತಪ್ಪಾಗುತ್ತದೆ.

ಆ ಡಿಎಲ್‌ಎಲ್ ಹುಟ್ಟಿದ ಮೂಲ ಕೋಡನ್ನು ಕಳಿಸಿಕೊಡಿ ಎಂದು ಹಸ್ತಾಂತರಿಸಿದವರಿಗೆ ಮೂರು ಬಾರಿ ಬರೆದೆ. "ಎಲ್ಲ ಫೈಲುಗಳೂ ಸರ್ವರ್‌ನಲ್ಲೇ ಇವೆಯಲ್ಲ" ಎಂಬ ಉತ್ತರ ಬಂತು. ಆದ್ದರಿಂದ ನಾನೀಗ ಡಿಎಲ್‌ಎಲ್ ಅನ್ನು ಡಿಕಂಪೈಲ್ ಮಾಡಿ (ಮತ್ತೆ ಓದಬಲ್ಲ ಕೋಡಾಗಿ ತಿರುಗಿಸಿ), ಕಾಮೆಂಟುಗಳೆಲ್ಲ ಉದುರಿಹೋದ ಆ ಕೋಡನ್ನು ಈ 11 ಫೈಲುಗಳ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸುತ್ತಿದ್ದೇನೆ. ನಾಲ್ಕನೆಯ ಫೈಲಿನಲ್ಲಿದ್ದೇನೆ.