ಗೇಟಿನ ಮುಂದೆ ಇಳಿಯಬೇಕಾದ್ದು ಯಾರು?

ಮೂರು ತಿಂಗಳ ವೀಸಾ ಹಾಕಿಸಿಕೊಂಡು ಮಕ್ಕಳ ಮನೆಗೆಂದು ನೆದರ್ಲೆಂಡ್ಸಿಗೆ ಬಂದಿಳಿಯುವ ಬೆಂಗಳೂರಿನ ಅಪ್ಪ-ಅಮ್ಮಂದಿರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಮಂಕಿ ಕ್ಯಾಪು ನೋಡಿ ಅಲ್ಲ. ನಡೆಯುವಾಗ ಅವರ ಕಣ್ಣು ನೆಲ ಬಿಟ್ಟು ಮೇಲೇಳುವುದಿಲ್ಲ. ಯಾವ ಚಪ್ಪಡಿ ಅಲ್ಲಾಡುತ್ತೆ, ಎಲ್ಲಿ ಕಬ್ಬಿಣದ ಸರಳು ಎದ್ದಿದೆ, ಎಲ್ಲಿ ಮುಚ್ಚಳ ಮಾಯವಾಗಿದೆ ಅಂತ ಹುಡುಕಿ ಹುಡುಕಿ ಕತ್ತು ಹಾಗೇ ಕೂತುಬಿಟ್ಟಿರುತ್ತದೆ. ಎರಡು ವಾರ ಕಳೆಯಲಿ, ಕತ್ತು ತಾನಾಗಿ ಮೇಲೇಳುತ್ತದೆ. ಆಮೇಲೆ ಅವರಿಗೆ ಕಿಟಕಿಗಳು ಕಾಣುತ್ತವೆ, ಮರಗಳು ಕಾಣುತ್ತವೆ, ಎದುರು ಬರುವವರ ಮುಖ ಕಾಣುತ್ತದೆ.

ಇನ್ನೊಂದು ಅಚ್ಚರಿ ಕಾರಿನದು. ಮನೆಯಿಂದ ಹೊರಬರುವ ಕಾರು ಫುಟ್‌ಪಾತಿನ ಒಳಗಂಚಿನಲ್ಲೇ ಗಕ್ಕನೆ ನಿಂತುಬಿಡುತ್ತದೆ. ನಡೆಯುವವರು ದಾಟಿದ ಮೇಲೆ ಮುಂದಕ್ಕೆ. ಹಾರನ್ ಇಲ್ಲ, ಕೈಸನ್ನೆ ಇಲ್ಲ. 'ಎಷ್ಟು ಸಂಭಾವಿತರಪ್ಪಾ ಇವರು' ಅನ್ನುತ್ತಾರೆ ನಮ್ಮವರು. ಇದರಲ್ಲಿ ಸಂಭಾವಿತತನದ ಪಾಲು ಅಷ್ಟೇನಿಲ್ಲ. ಹೆಚ್ಚಿನ ಕೆಲಸ ಕಾಂಕ್ರೀಟಿನದು.

ಇಲ್ಲಿ ಫುಟ್‌ಪಾತ್ ಗೇಟಿನ ಮುಂದೆ ತಗ್ಗುವುದಿಲ್ಲ. ಅದೇ ಎತ್ತರ, ಅದೇ ಬಿಲ್ಲೆ, ಸೀದಾ ಮುಂದಕ್ಕೆ ಹೋಗುತ್ತದೆ. ಕಾರು ಹತ್ತಿ ಇಳಿಯುವುದಕ್ಕೆ ರಸ್ತೆಯ ಅಂಚಿನಲ್ಲಿ ಅರ್ಧ ಮೀಟರಿನಷ್ಟು ಅಗಲದ ಇಳಿಜಾರು ಕಾಂಕ್ರೀಟ್ ಅಚ್ಚುಗಳನ್ನು ಕೂರಿಸುತ್ತಾರೆ. ಡಚ್ಚರು ಇದನ್ನು 'ಇನ್‌ರಿಟ್‌ಬ್ಲಾಕ್' ಅನ್ನುತ್ತಾರೆ. ಎತ್ತರ ಬದಲಾಗುವುದೆಲ್ಲ ಆ ಅರ್ಧ ಮೀಟರಿನೊಳಗೇ ಮುಗಿಯಬೇಕಾದ್ದರಿಂದ ಇಳಿಜಾರು ಕಡಿದು. ವೇಗವಾಗಿ ಹತ್ತಿಸಿದರೆ ಕಾರಿನೊಳಗಿರುವವರ ಹಲ್ಲು ಕಟಕಟ ಅನ್ನುತ್ತದೆ, ಹಾಗಾಗಿ ಯಾರೂ ಹತ್ತಿಸುವುದಿಲ್ಲ. ಕಾನೂನೂ ಇದರ ಜೊತೆಗೇ ಹೋಗುತ್ತದೆ: 1990ರ ಸಂಚಾರ ನಿಯಮದ 54ನೇ ಕಲಮಿನ ಪ್ರಕಾರ ಇಂಥ ಜಾಗದಿಂದ ರಸ್ತೆಗೆ ಬರುವವರು, ರಸ್ತೆಯಿಂದ ಒಳಹೋಗುವವರು ಉಳಿದ ಎಲ್ಲರಿಗೂ ದಾರಿ ಬಿಡಬೇಕು. ಬೋರ್ಡಿನ ಅಗತ್ಯವೇ ಇಲ್ಲ. ಚಕ್ರದ ಕೆಳಗೆ ಬಿಲ್ಲೆ ಕಂಡರೆ, ತಾನು ಬೇರೆಯವರ ಜಾಗದಲ್ಲಿದ್ದೇನೆ ಅಂತ ಡ್ರೈವರಿಗೆ ಗೊತ್ತಾಗುತ್ತದೆ.

ಈಗ ನಮ್ಮ ಯಾವುದಾದರೊಂದು ಬಡಾವಣೆಯ ಮೇನ್ ರೋಡಿಗೆ ಬನ್ನಿ. ಮೂವತ್ತು-ನಲವತ್ತರ ಸೈಟುಗಳ ಸಾಲು. ಒಂದೊಂದು ಮನೆಯ ಮುಂಭಾಗ ಮೂವತ್ತು ಅಡಿ, ಅಂದರೆ 9 ಮೀಟರಿಗೆ ಚೂರು ಜಾಸ್ತಿ. 200 ಮೀಟರ್ ಉದ್ದದ ಬೀದಿಯ ಒಂದೇ ಮಗ್ಗುಲಲ್ಲಿ ಸುಮಾರು 22 ಗೇಟು. ಪ್ರತಿ ಗೇಟಿನ ಮುಂದೆಯೂ ಕಾರಿಗೆಂದು ಫುಟ್‌ಪಾತನ್ನು ರಸ್ತೆ ಮಟ್ಟಕ್ಕೆ ಕೆಡವಿರುತ್ತಾರೆ. ಅಂಚುಗಲ್ಲು 15 ಸೆಂಟಿಮೀಟರ್ ಇದ್ದರೂ 22 ಸಲ ಇಳಿದು 22 ಸಲ ಹತ್ತಿದರೆ 3.3 ಮೀಟರ್ ಆಯಿತು. ಹಾಲು ತರಲು ಹೋದವರು ಒಂದು ಮಹಡಿ ಹತ್ತಿ ಇಳಿದಂತೆ. ವಾಪಸು ಬರುವಾಗ ಇನ್ನೊಂದು. ಎಷ್ಟೋ ಕಡೆ ಆ ಕಲ್ಲು ಒಂದಡಿ ಎತ್ತರವಿರುತ್ತದೆ; ಮಂಡಿ ನೋವಿನವರ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ.

'ಫುಟ್‌ಪಾತ್ ಮಾಡಿಕೊಟ್ರೂ ನಮ್ಮ ಜನ ರೋಡಲ್ಲೇ ನಡೀತಾರೆ ಬಿಡಿ.' ಊರಿಗೆ ಬಂದಾಗಲೆಲ್ಲ ಕಿವಿಗೆ ಬೀಳುವ ಈ ಮಾತು ಚುಚ್ಚುವುದು ಇದಕ್ಕೇ. ಇಪ್ಪತ್ತೆರಡು ಸಲ ಹತ್ತಿ ಇಳಿಯುವುದಕ್ಕಿಂತ ಸಮತಟ್ಟಾದ ಟಾರಿನ ಮೇಲೆ ನಡೆಯುವುದು ವಾಸಿ ಅಂತ ಕಾಲಿಗೆ ಗೊತ್ತಿದೆ. ಅದನ್ನು ಅಶಿಸ್ತು ಅನ್ನುವುದು ಹೇಗೆ?

ಸರಿ, ಗೇಟಿನ ಎರಡೂ ಬದಿ ಮೆಟ್ಟಿಲಿನ ಬದಲು ಇಳಿಜಾರು ಮಾಡಿದರಾಯಿತಲ್ಲ ಅನ್ನುವವರಿದ್ದಾರೆ. ಗಾಲಿಕುರ್ಚಿಗೆ ಆಗುವಂಥ ಇಳಿಜಾರು ಅಂದರೆ ಒಂದಕ್ಕೆ ಹನ್ನೆರಡು. 15 ಸೆಂಟಿಮೀಟರ್ ಇಳಿಯಲು 1.8 ಮೀಟರ್ ಉದ್ದ ಬೇಕು. ಎರಡು ಬದಿಗೆ 3.6. ಗೇಟಿಗೆ 3. ಒಂಬತ್ತರಲ್ಲಿ ಕಳೆದರೆ ಉಳಿಯುವುದು 2.4 ಮೀಟರ್ ಸಮತಟ್ಟು, ಅದರಲ್ಲೇ ಲೈಟುಕಂಬ, ಅದರಲ್ಲೇ ಹೊಂಗೆಮರ. ಇಪ್ಪತ್ತು-ಮೂವತ್ತರ ಸೈಟಾದರೆ ಮುಂಭಾಗವೇ 6 ಮೀಟರು. ಲೆಕ್ಕ ಅರ್ಧ ಮೀಟರಿನಷ್ಟು ಸಾಲಕ್ಕೇ ಬೀಳುತ್ತದೆ. ಅಂದರೆ ಸಣ್ಣ ಸೈಟುಗಳ ಬೀದಿಯಲ್ಲಿ ನಡೆಯುವವರನ್ನು ಇಳಿಸುವ ಫುಟ್‌ಪಾತನ್ನು ಸರಿಯಾಗಿ ಕಟ್ಟಲು ಸಾಧ್ಯವೇ ಇಲ್ಲ. ಕಾರನ್ನು ಹತ್ತಿಸುವ ಫುಟ್‌ಪಾತೊಂದೇ ದಾರಿ.

ಆದರೆ ನಮ್ಮಲ್ಲಿ ಕಾರು ಹತ್ತುವುದಕ್ಕೆ ಇನ್ನೊಂದು ತೊಡಕು ಇದೆ, ಅದು ರಸ್ತೆಯಿಂದಲೇ ಶುರುವಾಗುತ್ತದೆ. ಡಾಂಬರು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋಗುತ್ತಾರೆ. ಸಲಕ್ಕೆ ಮೂರು-ನಾಲ್ಕು ಸೆಂಟಿಮೀಟರ್ ಎದ್ದರೆ ನಾಲ್ಕು ಸಲಕ್ಕೆ ಅಂಚುಗಲ್ಲೇ ಮುಳುಗಿತು. ಮಳೆನೀರು ಮನೆಯೊಳಗೆ ನುಗ್ಗೀತೆಂದು ಹೊಸ ಮನೆ ಕಟ್ಟುವವರು ಪಾಯವನ್ನು ರಸ್ತೆಗಿಂತ ಎರಡು-ಮೂರು ಅಡಿ ಎತ್ತರಿಸುತ್ತಾರೆ. ಆ ಎತ್ತರದಿಂದ ಕಾರು ಇಳಿಸಬೇಕಲ್ಲ? ಇಳಿಜಾರನ್ನು ಕಾಂಪೌಂಡಿನ ಒಳಗೆ ಹಾಕಿದರೆ ಪಾರ್ಕಿಂಗ್ ಜಾಗ ಹೋಗುತ್ತದೆ. ಹೊರಗೆ ಹಾಕಿದರೆ ಹೋಗುವುದು ಊರಿನವರ ಜಾಗ ತಾನೇ! ಗ್ರಾನೈಟ್ ಹಾಸಿದ ಆ ರ‍್ಯಾಂಪು ಫುಟ್‌ಪಾತನ್ನು ದಾಟಿ, ಚರಂಡಿಯನ್ನು ಮುಚ್ಚಿ, ರಸ್ತೆಗೆ ನಾಲಿಗೆ ಚಾಚಿಕೊಂಡು ಮಲಗಿರುತ್ತದೆ. ಬೆಳಿಗ್ಗೆ ನೀರು ಹಾಕಿ ತೊಳೆದಾಗ ಅದು ಜಾರುಬಂಡೆ. ಅದರ ಕೆಳಗಿನ ಚರಂಡಿಯನ್ನು ಮನೆ ಕೆಡವುವವರೆಗೂ ಯಾರೂ ತೆಗೆಯುವಂತಿಲ್ಲ. ಮಳೆ ಬಂದಾಗ ನೀರು ಅಲ್ಲೇ ಕಟ್ಟಿ ರಸ್ತೆಗೆ ಉಕ್ಕುತ್ತದೆ. ಮುಂದಿನ ಮನೆಯವರು ಪಾಯವನ್ನು ಇನ್ನೂ ಅರ್ಧ ಅಡಿ ಎತ್ತರಿಸುತ್ತಾರೆ.

ಇನ್ನು ಫುಟ್‌ಪಾತ್ ಅನ್ನುವುದಾದರೂ ಏನು? ಬಹಳಷ್ಟು ಬೀದಿಗಳಲ್ಲಿ ಚರಂಡಿಯ ಮುಚ್ಚಳವೇ ಫುಟ್‌ಪಾತು. ಮೂರಡಿಗೆ ಎರಡಡಿ, ನಾಲ್ಕು ಇಂಚು ದಪ್ಪದ ಚಪ್ಪಡಿ 135 ಕಿಲೋದಷ್ಟು ತೂಗುತ್ತದೆ. ಹೂಳು ತೆಗೆಯಲು ಅದನ್ನು ಹಾರೆ ಕೊಟ್ಟು ಎಬ್ಬಿಸಬೇಕು, ಮೂರು-ನಾಲ್ಕು ಆಳು ಬೇಕು. ಎಬ್ಬಿಸುವಾಗ ಮೂಲೆ ಒಡೆಯುತ್ತದೆ. ವಾಪಸು ಕೂರಿಸುವಾಗ ಕೆಳಗಿನ ಗೋಡೆಯ ಮೇಲೆ ಹಳೆಯ ಗಾರೆಯ ಚೂರು ಸಿಕ್ಕಿಕೊಂಡು ಕಲ್ಲು ಮೂರೇ ಕಡೆ ಕೂರುತ್ತದೆ, ನಾಲ್ಕನೆಯ ಮೂಲೆ ಆಡುತ್ತದೆ. ಆಮೇಲೆ ತೆಗೆದ ಹೂಳನ್ನು 'ಒಣಗಲಿ' ಅಂತ ಅದರ ಮೇಲೇ ರಾಶಿ ಹಾಕುತ್ತಾರೆ. ಮತ್ತೊಂದು ಮಳೆಗೆ ಅದೇ ಹೂಳು ಅದೇ ಚರಂಡಿಗೆ.

ನೆದರ್ಲೆಂಡ್ಸಿನ ಬಿಲ್ಲೆ 30 ಸೆಂಟಿಮೀಟರಿಗೆ 30, ದಪ್ಪ ನಾಲ್ಕೂವರೆ. ತೂಕ ಒಂಬತ್ತು-ಹತ್ತು ಕಿಲೋ. ಗಾರೆ ಇಲ್ಲ, ಸಿಮೆಂಟಿಲ್ಲ, ಬರೀ ಮರಳಿನ ಹಾಸಿನ ಮೇಲೆ ಕೂರಿಸಿ, ಸಂದಿಗೆ ಮರಳು ಗುಡಿಸಿ ತುಂಬುತ್ತಾರೆ. ಕೇಬಲ್ ಹಾಕಲು ಬಂದವರು ಇಬ್ಬರೇ ಒಂದೊಂದಾಗಿ ಎತ್ತಿ ಬದಿಗೆ ಜೋಡಿಸಿ, ಮರಳು ತೋಡಿ, ಕೇಬಲ್ ಇಳಿಸಿ, ಮರಳು ಮುಚ್ಚಿ, ಕುಟ್ಟಿ, ಅವೇ ಬಿಲ್ಲೆಗಳನ್ನು ಮತ್ತೆ ಕೂರಿಸಿ ಸಂಜೆಯೊಳಗೆ ಹೊರಟುಬಿಡುತ್ತಾರೆ. ಮರುದಿನ ನೋಡಿದರೆ ಗುರುತಿಗೆ ಒಂದಿಷ್ಟು ಹೊಸ ಮರಳು ಮಾತ್ರ.

ನಮ್ಮಲ್ಲೂ ಇಂಟರ್‌ಲಾಕ್ ಬಿಲ್ಲೆ ಹಾಕಿದ್ದಾರೆ, ಒಂದೇ ಮಳೆಗಾಲಕ್ಕೆ ಕುಸಿದಿದೆ ಅನ್ನುತ್ತೀರಿ. ಹೌದು, ಕುಸಿಯದೆ ಇನ್ನೇನು? ಕೆಳಗಿನ ಮಣ್ಣನ್ನು ಕುಟ್ಟದೆ ಕಟ್ಟಡದ ಅವಶೇಷ ತುಂಬಿ ಮೇಲೆ ಎಂ-ಸ್ಯಾಂಡ್ ಚೆಲ್ಲಿರುತ್ತಾರೆ. ಅಂಚು ಹಿಡಿಯುವ ಕಲ್ಲಿಲ್ಲದ ಕಡೆ ನೀರು ಹರಿದಂತೆ ಮರಳು ಹೊರಟುಹೋಗುತ್ತದೆ. ಜನ ಓಡಾಡುವ ಕಡೆ 60 ಮಿಲಿಮೀಟರ್ ದಪ್ಪದ ಬಿಲ್ಲೆ ಸಾಕು, ಕಾರು ಹತ್ತುವ ಗೇಟಿನ ಮುಂದೆ 80 ಇದ್ದರೆ ವಾಸಿ. ಗುತ್ತಿಗೆದಾರರು ಎಲ್ಲ ಕಡೆಗೂ 60 ತರಿಸುತ್ತಾರೆ. ಗೇಟಿನ ಮುಂದೆ ಮೊದಲು ಕುಸಿಯುವುದು ಅದಕ್ಕೆ.

ಸ್ಕೂಟರಿನವರು ಹತ್ತುತ್ತಾರೆಂದು ನೆಡುವ ಗೂಟಗಳದ್ದೂ ಇದೇ ಕಥೆ. ಗಾಲಿಕುರ್ಚಿ ದಾಟಲು 90 ಸೆಂಟಿಮೀಟರ್ ಬಿಡಬೇಕು. ಸ್ಕೂಟರಿನ ಹ್ಯಾಂಡಲ್ ಅಗಲ ಅದಕ್ಕಿಂತ ಕಮ್ಮಿ. ಅಷ್ಟು ಬಿಟ್ಟರೆ ಇಬ್ಬರೂ ಬರುತ್ತಾರೆ, ಬಿಡದಿದ್ದರೆ ಗಾಲಿಕುರ್ಚಿಯವರು ಮಾತ್ರ ನಿಲ್ಲುತ್ತಾರೆ.

ಗೊತ್ತಿಲ್ಲದೆ ಹೀಗೆ ಮಾಡುತ್ತಿದ್ದೇವೆ ಅನ್ನುವ ಹಾಗೂ ಇಲ್ಲ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಖ್ಯೆಯ ಮಾರ್ಗಸೂಚಿ 2012ರಲ್ಲೇ ವಸತಿ ಬೀದಿಗಳಿಗೆ 1.8 ಮೀಟರಿನ ಅಡೆತಡೆಯಿಲ್ಲದ ನಡಿಗೆ ದಾರಿ, 15 ಸೆಂಟಿಮೀಟರ್ ಮೀರದ ಅಂಚುಗಲ್ಲು ಅಂತ ಬರೆದಿಟ್ಟಿದೆ. ಫುಟ್‌ಪಾತಿನ ಮೇಲೆ ಗಾಡಿ ಓಡಿಸಬಾರದೆಂಬ ನಿಯಮ 1989ರಿಂದ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಯೋಜನೆಯ ಹೆಸರಲ್ಲಿ ಅಗಲವಾದ ಫುಟ್‌ಪಾತನ್ನು ನಾವೇ ಕಟ್ಟಿದ್ದೇವೆ. ಅಂಗಡಿ-ಆಫೀಸುಗಳ ಮುಂದೆ ಕಟ್ಟಿದೆವು. ಜನ ಮಲಗಿ ಏಳುವ ಬೀದಿಗೆ ಅದು ಬರಲಿಲ್ಲ. ಜಾಗ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಮೂವತ್ತು ಅಡಿ ರಸ್ತೆಯಲ್ಲಿ ಎರಡೂ ಬದಿ 1.8 ಮೀಟರ್ ಬಿಟ್ಟರೂ ಐದೂವರೆ ಮೀಟರ್ ಉಳಿಯುತ್ತದೆ, ಎರಡು ಕಾರು ನಿಧಾನವಾಗಿ ಎದುರುಬದುರಾಗಿ ಹೋಗಬಹುದು. ಅಲ್ಲಿ ಆಗದ್ದು ಒಂದೇ, ಬೀದಿಯಲ್ಲಿ ಕಾರು ನಿಲ್ಲಿಸುವುದು. ಜಾಗ ಇಲ್ಲ ಅನ್ನುವವರು ಕೇಳುತ್ತಿರುವುದೂ ಅದನ್ನೇ.

ಇಷ್ಟು ಬೈದ ಮೇಲೆ ಒಂದೆರಡು ವಿಷಯ ಒಪ್ಪಿಕೊಳ್ಳಲೇಬೇಕು. ಡಚ್ಚರ ಬಿಲ್ಲೆ ಅವರ ಜಾಣತನವೊಂದರಿಂದಲೇ ಬಂದದ್ದಲ್ಲ. ದೇಶದ ಪಶ್ಚಿಮ ಭಾಗದ ನೆಲ ಮೆತ್ತಗೆ, ಕುಸಿಯುತ್ತಲೇ ಇರುತ್ತದೆ. ಗೌಡಾದಂಥ ಊರುಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಬೀದಿಯನ್ನೇ ಎಬ್ಬಿಸಿ ಮರಳು ತುಂಬಿ ಎತ್ತರಿಸಬೇಕು. ಗಾರೆ ಹಾಕಿ ಕೂರಿಸಿದರೆ ಒಡೆದುಹೋಗುತ್ತದೆ, ಅದಕ್ಕೇ ಎತ್ತಿ ಇಡುವ ಬಿಲ್ಲೆ. ನಮ್ಮದು ಗಟ್ಟಿ ನೆಲ, ಮಳೆ ಮಾತ್ರ ಅರ್ಧ ಗಂಟೆಯಲ್ಲಿ ಸುರಿದು ಹೋಗುವಂಥದ್ದು. ಚರಂಡಿ ದೊಡ್ಡದೇ ಬೇಕು, ಇಳಿಜಾರಿನ ಬೀದಿಯಲ್ಲಿ ಬರೀ ಮರಳು ನಿಲ್ಲುವುದೂ ಕಷ್ಟ.

ಎಲ್ಲ ಬೀದಿಗೂ ಫುಟ್‌ಪಾತ್ ಬೇಕೆಂದೂ ಇಲ್ಲ. 1976ರಲ್ಲಿ ಡಚ್ ಕಾನೂನು 'ವೋನೆರ್ಫ್' ಅನ್ನುವ ಬೀದಿಯನ್ನು ಒಪ್ಪಿಕೊಂಡಿತು. ಅಲ್ಲಿ ಫುಟ್‌ಪಾತೇ ಇಲ್ಲ. ಮಕ್ಕಳು ನಡುಬೀದಿಯಲ್ಲಿ ಆಡುತ್ತಾರೆ, ಕಾರು ಗಂಟೆಗೆ 15 ಕಿಲೋಮೀಟರ್ ಮೀರದೆ ಬರಬೇಕು. ನಮ್ಮ ಹಳೆಯ ಬಡಾವಣೆಗಳ ಇಪ್ಪತ್ತು ಅಡಿ ಕ್ರಾಸುಗಳು ಕಾನೂನಿಲ್ಲದೆಯೇ ಹಾಗಿದ್ದವು, ಕೆಲವು ಇನ್ನೂ ಹಾಗೇ ಇವೆ. ಅಲ್ಲಿ ಕ್ರಿಕೆಟ್ಟಿನ ವಿಕೆಟ್ಟೇ ಸ್ಪೀಡ್ ಬ್ರೇಕರು. ಫುಟ್‌ಪಾತ್ ಬೇಕೇ ಬೇಕಾದದ್ದು ಮೇನುಗಳಿಗೆ. ಫೋನಿನ ಮ್ಯಾಪು ತೋರಿಸಿದ ಶಾರ್ಟ್‌ಕಟ್ಟು ಹಿಡಿದು ಟ್ಯಾಂಕರು, ಶಾಲೆ ವ್ಯಾನು, ಕ್ಯಾಬು ನುಗ್ಗುವ ಬೀದಿಗಳಿಗೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಬರುವ ಗಾಡಿ, ಡ್ರೈವರು ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಂದೆ ಬಂದಿರುತ್ತದೆ. ಒಂದೂವರೆ ಮನೆಯಷ್ಟು ದೂರ.

ಇನ್ನೊಂದು ಮಾತು, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿನ ಫುಟ್‌ಪಾತಿನಲ್ಲಿ ಇಸ್ತ್ರಿ ಗಾಡಿ ಇಲ್ಲ, ಮೊಳ ಹಾಕಿ ಕೊಡುವ ಹೂವಿನವರಿಲ್ಲ. ಸಂಜೆ ಆರರ ಮೇಲೆ ಆ ನುಣುಪು ಬಿಲ್ಲೆಗಳ ಮೇಲೆ ನಾಯಿ ಹಿಡಿದ ಒಬ್ಬರು ಕಂಡರೆ ಹೆಚ್ಚು. ಇನ್ನು ಚಳಿಗಾಲದಲ್ಲಿ ಮಂಜು ಗಟ್ಟಿಯಾದ ಬೆಳಿಗ್ಗೆ ಪುರಸಭೆಯ ಉಪ್ಪಿನ ಲಾರಿ ಮೊದಲು ದೊಡ್ಡ ರಸ್ತೆಗೆ ಹೋಗುತ್ತದೆ, ಆಮೇಲೆ ಸೈಕಲ್ ದಾರಿಗೆ. ಫುಟ್‌ಪಾತಿನ ಸರದಿ ಬರುವುದು ಕಡೆಗೆ, ಬಂದರೆ. ಅಂಥ ದಿನ ಬಿಲ್ಲೆಗಳು ಗಾಜಾಗಿರುತ್ತವೆ. ನಮ್ಮ ಅಪ್ಪ-ಅಮ್ಮಂದಿರು ಮತ್ತೆ ಕತ್ತು ಬಗ್ಗಿಸಿ, ಅಂಚು ಹಿಡಿದು, ಮೆಲ್ಲಗೆ ರಸ್ತೆಗೇ ಇಳಿಯುತ್ತಾರೆ. ಅವರ ಹಿಂದೆಯೇ ಪಕ್ಕದ ಮನೆಯ ಡಚ್ ಅಜ್ಜಿಯೂ.