ಉಪ್ಪು ನೀರು ಹಾಕಿದಾಗ ಪ್ಯಾರಮೀಸಿಯಂ ಏನು ಮಾಡಿತು

ಅಕ್ಕನ ಮಗಳು ಈಗ ಮೊದಲನೇ ಪಿಯುಸಿ. ಮೊನ್ನೆ ಮಳೆಯಲ್ಲೇ ಟೆಸ್ಟ್ ಪೇಪರ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು, ಮುಖ ಸಣ್ಣ ಮಾಡಿಕೊಂಡು. "ಬೆಳಕಿನ ಮೈಕ್ರೋಸ್ಕೋಪಿಗಿಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಹೇಗೆ ಉತ್ತಮ?" ಎಂಬ ಪ್ರಶ್ನೆಗೆ ಕಲಿತದ್ದನ್ನೆಲ್ಲ ಬರೆದು, ಕೊನೆಗೆ "ಆದರೆ ಜೀವಂತ ಕೋಶ ನೋಡಬೇಕಾದರೆ ಬೆಳಕಿನದ್ದೇ ಬೇಕು" ಎಂದು ಒಂದು ಸಾಲು ಸೇರಿಸಿದ್ದಳು. ಆ ಸಾಲಿಗೆ ಕೆಂಪು ಗೀಟು. ಪಕ್ಕದಲ್ಲಿ "ಕೇಳಿದ್ದಕ್ಕಷ್ಟೇ ಉತ್ತರಿಸಿ" ಅಂತ ಉಂಟು.

"ಚಿಕ್ಕಮ್ಮ, ನಾನು ಬರೆದದ್ದು ತಪ್ಪಾ?"

ತಪ್ಪಲ್ಲ ಮಗಾ. ಉಡುಪಿಯಲ್ಲಿ ಹತ್ತೊಂಬತ್ತು ವರ್ಷದಿಂದ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿರುವ ನನಗೆ ಆ ಪೇಪರಿನಲ್ಲಿ ಅತಿ ಇಷ್ಟವಾದ ಸಾಲು ಅದೇ. ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ, ಯಾಕೆಂದರೆ ಈ ಪ್ರಶ್ನೆಯನ್ನು ನಾವು ಕೇಳುವ ರೀತಿಯೇ ಸರಿ ಇಲ್ಲ.

ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಆದ್ದರಿಂದ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಒಂದೇ ಮಸುಕಾಗಿ ಕಾಣುತ್ತವೆ, ಲೆನ್ಸ್ ಎಷ್ಟು ಒಳ್ಳೆಯದಿದ್ದರೂ ಅಷ್ಟೆ. ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲೇ ಈ ಮಿತಿಯನ್ನು ವಿವರಿಸಿದ್ದರು. ಎಲೆಕ್ಟ್ರಾನಿನ ತರಂಗ ಇದಕ್ಕಿಂತ ಸಾವಿರಾರು ಪಟ್ಟು ಗಿಡ್ಡ, ಆದ್ದರಿಂದ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಹಾಯಿಸಿದರೆ ಇನ್ನೂ ಎಷ್ಟೋ ಸಣ್ಣದು ಕಾಣುತ್ತದೆ. ಬರ್ಲಿನ್ನಿನಲ್ಲಿ 1931ರಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ಕ್ನೋಲ್ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಟ್ಟಿದರು. ಕೊರೋನಾ ವೈರಸ್ಸಿನ ಗಾತ್ರ ಸುಮಾರು 100 ನ್ಯಾನೋಮೀಟರ್, ಅದರ ರೂಪ ನಮಗೆ ಗೊತ್ತಾದದ್ದು ಈ ಯಂತ್ರದಿಂದಲೇ.

ಆದರೆ ಅದರೊಳಗೆ ಹೋಗಲು ಒಂದು ಜೀವಿ ಏನೆಲ್ಲ ಅನುಭವಿಸಬೇಕು ಅಂತ ಪಾಠದಲ್ಲಿ ನಾವು ಹೇಳುವುದೇ ಇಲ್ಲ. ಗಾಳಿ ಇದ್ದರೆ ಎಲೆಕ್ಟ್ರಾನುಗಳು ಅದಕ್ಕೆ ಬಡಿದು ಚದುರಿಹೋಗುತ್ತವೆ, ಹಾಗಾಗಿ ಒಳಗೆಲ್ಲ ನಿರ್ವಾತ. ಕೋಶದಲ್ಲಿ ಹೆಚ್ಚಿನ ಪಾಲು ನೀರು, ನಿರ್ವಾತದಲ್ಲಿ ಅದು ಆವಿಯಾಗಿ ಹೋಗುತ್ತದೆ. ಆದ್ದರಿಂದ ಮೊದಲು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಹಾಕಿ ಕೋಶವನ್ನು ಇದ್ದಲ್ಲೇ ಗಟ್ಟಿ ಮಾಡುತ್ತಾರೆ, ಜೀವ ಅಲ್ಲಿಗೇ ಮುಗಿಯಿತು. ಆಮೇಲೆ ಚಿತ್ರ ಸ್ಪಷ್ಟವಾಗಲು ಆಸ್ಮಿಯಂ ಎಂಬ ಭಾರ ಲೋಹದ ರಾಸಾಯನಿಕ, ಆಲ್ಕೋಹಾಲಿನಲ್ಲಿ ನೀರು ತೆಗೆಯುವುದು, ರಾಳದ ಅಚ್ಚು, ವಜ್ರದ ಅಲಗಿನಲ್ಲಿ 100 ನ್ಯಾನೋಮೀಟರಿಗೂ ತೆಳುವಾದ ಸೀಳು. ತಲೆಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಅದು. ಬರುವ ಚಿತ್ರ ಕಪ್ಪು ಬಿಳುಪು, ಬಣ್ಣ ಆಮೇಲೆ ತುಂಬಿದ್ದು. ತೇವ ಇರುವಾಗಲೇ ನೋಡುವ ಯಂತ್ರಗಳೂ ಬಂದಿವೆ, ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ವಿಧಾನಕ್ಕೆ 2017ರಲ್ಲಿ ನೊಬೆಲ್ ಬಂತು. ಆದರೂ ಎಲೆಕ್ಟ್ರಾನುಗಳ ಪೆಟ್ಟು ತಿಂದು ಕೋಶ ಬದುಕಿ ಉಳಿಯುವುದು ಬಹಳ ಕಷ್ಟ.

ಇಷ್ಟು ಹೇಳಿ ಅವಳನ್ನು ಅಡುಗೆಮನೆ ಹಿಂದಿನ ಜಗಲಿಗೆ ಕರೆದುಕೊಂಡು ಹೋದೆ. ಅಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಕೆರೆ ನೀರಿಗೆ ಬೈಹುಲ್ಲು ಹಾಕಿ ಒಂದು ವಾರವಾಗಿತ್ತು, ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಒಂದು ಹನಿ ತೆಗೆದು, ಓಡಿಹೋಗದ ಹಾಗೆ ನಾಲ್ಕು ಎಳೆ ಹತ್ತಿ ಹಾಕಿ, ಕವರ್ ಸ್ಲಿಪ್ ಮುಚ್ಚಿ ಕೊಟ್ಟೆ. ಪ್ಯಾರಮೀಸಿಯಂ, ಅಂದರೆ ಕೆರೆ ನೀರಿನ ಒಂದೇ ಕೋಶದ ಜೀವಿ, ಹತ್ತಿಯ ಎಳೆಗಳ ನಡುವೆ ಸಿಕ್ಕಿ, ಮೈ ತಿರುಚಿ, ಹಿಂದೆ ಸರಿದು ದಾರಿ ಹುಡುಕುತ್ತಿತ್ತು. ಅದರ ಒಂದೊಂದು ತುದಿಯ ಹತ್ತಿರ ಒಂದು ಪುಟ್ಟ ಗುಳ್ಳೆ, ಸುತ್ತ ನಕ್ಷತ್ರದ ಹಾಗೆ ನಾಳಗಳು. ಗುಳ್ಳೆ ನಿಧಾನ ಉಬ್ಬುತ್ತದೆ, ತಟ್ಟನೆ ಮಾಯವಾಗುತ್ತದೆ, ಮತ್ತೆ ಉಬ್ಬುತ್ತದೆ. ಮೈಯೊಳಗೆ ನುಗ್ಗುವ ನೀರನ್ನು ಹೊರಗೆ ಹಾಕುವ ಕೆಲಸ ಅದರದ್ದು.

"ಎಣಿಸು" ಅಂದೆ. ಹನ್ನೊಂದು ಎಣಿಸುವಷ್ಟರಲ್ಲಿ ಒಂದು ಸಲ ಒಡೆಯಿತು. ಆಮೇಲೆ ಕವರ್ ಸ್ಲಿಪ್ಪಿನ ಅಂಚಿಗೆ ತುಂಬಾ ತೆಳು ಉಪ್ಪು ನೀರಿನ ಒಂದು ಹನಿ ಬಿಟ್ಟು, ಇನ್ನೊಂದು ಬದಿಯಿಂದ ಕಾಗದದಲ್ಲಿ ಹೀರಿಸಿದೆ. ಸ್ವಲ್ಪ ಹೊತ್ತು ಕಾದು ಮತ್ತೆ ಎಣಿಸಿದಳು. ಹದಿನೈದು, ಹದಿನೆಂಟು, ಇಪ್ಪತ್ತೆರಡು. "ನಿಧಾನ ಆಯ್ತು ಚಿಕ್ಕಮ್ಮ!" ಹೊರಗೆ ಉಪ್ಪು ಹೆಚ್ಚಾದರೆ ಒಳಗೆ ಬರುವ ನೀರು ಕಡಿಮೆ, ಗುಳ್ಳೆಗೂ ಅವಸರ ಇಲ್ಲ. ಇದನ್ನು ಅವಳು ಇನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಲಕ್ಷ ಪಟ್ಟು ದೊಡ್ಡದಾಗಿ ತೋರಿಸುವ ಯಂತ್ರ ಆ ಗುಳ್ಳೆಯ ಗೋಡೆಯನ್ನು ತೋರಿಸೀತು, ಆದರೆ ಅದು ನಿಧಾನವಾದದ್ದನ್ನು ತೋರಿಸಲಾರದು. ಹಾಗೆಯೇ ಪ್ಯಾರಮೀಸಿಯಂ ಮೈಮೇಲಿನ ಲೋಮಾಂಗಗಳು, ಅಂದರೆ ಈಜಲು ಬಳಸುವ ಕೂದಲಿನಂಥ ಸಣ್ಣ ಎಳೆಗಳು. ಅಲೆ ಅಲೆಯಾಗಿ ಬೀಸುವುದನ್ನು ನಾವು ಜಗಲಿಯಲ್ಲಿ ಕೂತು ನೋಡಿದೆವು. ಒಂದೊಂದು ಲೋಮಾಂಗದೊಳಗೆ ನಡುವೆ ಎರಡು ನಳಿಗೆ, ಸುತ್ತ ಒಂಬತ್ತು ಜೋಡಿ ನಳಿಗೆ ಇವೆ ಎಂದು ಖಚಿತವಾಗಿ ತಿಳಿದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ. ನಮ್ಮ ಶ್ವಾಸನಾಳದಲ್ಲಿ ಕಫ ದೂಡುವ ಲೋಮಾಂಗಗಳಲ್ಲೂ ಅದೇ ಕಟ್ಟೋಣ. ಕಟ್ಟೋಣ ಒಂದು ಯಂತ್ರದಲ್ಲಿ, ಓಟ ಇನ್ನೊಂದರಲ್ಲಿ. ಇವುಗಳಲ್ಲಿ ಯಾವುದು ಉತ್ತಮ ಅಂತ ಕೇಳಿ ಮಕ್ಕಳಿಗೆ ಎಂತ ಕಲಿಸುತ್ತೇವೆ?

ಮಂಗಳೂರಿನವರಿಗೆ ಮಲೇರಿಯಾ ಹೊಸತಲ್ಲ, ಬೆರಳು ಚುಚ್ಚಿ ರಕ್ತ ಕೊಟ್ಟವರು ಮನೆಗೊಬ್ಬರಾದರೂ ಇದ್ದಾರು. ಲ್ಯಾಬಿನಲ್ಲಿ ನೋಡುವುದು ಒಣಗಿಸಿ ಬಣ್ಣ ಹಾಕಿದ ರಕ್ತವನ್ನು. ಆದರೆ ಮಲೇರಿಯಾ ತರುವ ಪರೋಪಜೀವಿ ಮೊದಲು ಸಿಕ್ಕಿಬಿದ್ದದ್ದು ಹಸಿ ರಕ್ತದಲ್ಲಿ. ಫ್ರೆಂಚ್ ಸೇನೆಯ ವೈದ್ಯ ಲಾವೆರಾನ್ 1880ರ ನವೆಂಬರಿನಲ್ಲಿ ಅಲ್ಜೀರಿಯದಲ್ಲಿ ರೋಗಿಯೊಬ್ಬನ ತಾಜಾ ರಕ್ತ ನೋಡುತ್ತಿದ್ದಾಗ ಕಪ್ಪು ಕಣಗಳಿದ್ದ ಒಂದು ದುಂಡನೆಯ ವಸ್ತುವಿನಿಂದ ಎಳೆಗಳು ಹೊರಟು ಚಾಟಿಯ ಹಾಗೆ ಬೀಸುವುದನ್ನು ಕಂಡರು. ಆ ಚಲನೆಯಿಂದಲೇ ಅದು ಜೀವಿ ಅಂತ ಅವರಿಗೆ ಖಾತ್ರಿಯಾಯಿತು.

ಬೆಳಕಿನ ಮೈಕ್ರೋಸ್ಕೋಪ್ ಹಳೇ ಕಾಲದ್ದು ಅನ್ನುವವರಿಗೆ ಇನ್ನೊಂದು ಮಾತು. ಹೊಳೆಯುವ ಅಣುಗಳನ್ನು ಬಳಸಿ ಆ 200 ನ್ಯಾನೋಮೀಟರ್ ಮಿತಿಯನ್ನೇ ದಾಟಿದ್ದಕ್ಕೆ 2014ರ ನೊಬೆಲ್ ಸಿಕ್ಕಿತು. ಕೋಶ ಜೀವಂತ ಇರುವಾಗಲೇ ಹೊಳೆಯುವಂತೆ ಮಾಡುವ ಹಸಿರು ಪ್ರೋಟೀನ್ ಸಿಕ್ಕಿದ್ದು ಒಂದು ಜೆಲ್ಲಿ ಮೀನಿನಲ್ಲಿ, ಮಲ್ಪೆಯ ಬಲೆಗೆ ಬಿದ್ದು ಬೈಸಿಕೊಳ್ಳುವವುಗಳ ದೂರದ ನೆಂಟ.

ನನ್ನ ನೋವು ಬೇರೆ. ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ಹದಿನಾಲ್ಕು ಮೈಕ್ರೋಸ್ಕೋಪುಗಳು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದವು. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿಗೆಲ್ಲ ಬೂಸ್ಟು ಹಿಡಿಯಿತು. ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಪ್ಯಾರಮೀಸಿಯಂ ಚಿತ್ರವನ್ನು ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬಿಡಿಸಿದರು, ಚಪ್ಪಲಿಯ ಆಕಾರ, ಬಾಣದ ಗುರುತು, ಹೆಸರು. ಅದು ಓಡುತ್ತದೆ ಅಂತ ಅವರಲ್ಲಿ ಎಷ್ಟೋ ಮಂದಿ ನೋಡದೆಯೇ ಪಾಸಾಗಿ ಹೋದರು. ಅವರ ನೆನಪಾದಾಗ ಈಗಲೂ ಬೇಸರವಾಗುತ್ತದೆ, ಆಗ ಬೀಗದ ಕೈಗಾಗಿ ನಾನು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು.

ಬಾಟಲಿಯ ನೀರು ಇನ್ನೂ ಚೆನ್ನಾಗಿ ಉಂಟು. ಪರಿಚಯದವರು ಯಾರಾದರೂ ಮಕ್ಕಳನ್ನು ಕರೆದುಕೊಂಡು ಬರುವುದಿದ್ದರೆ ಭಾನುವಾರ ಹತ್ತು ಗಂಟೆಗೆ ಮನೆಗೆ ಬನ್ನಿ. ಉಪ್ಪು ನೀರು ಹಾಕುವುದು ನಾನೇ ಅಂತ ಅಕ್ಕನ ಮಗಳು ಈಗಾಗಲೇ ಹೇಳಿಟ್ಟಿದ್ದಾಳೆ.